ಗುಂಡಿ ಎಲ್ಲಿದೆ, ತೋರಿಸು

ಬಳ್ಳಾರಿಯ ಕೌಲ್ ಬಜಾರಿನ ಒಂದು ವೆಲ್ಡಿಂಗ್ ಅಂಗಡಿಯ ಬೋರ್ಡಿನ ಮೇಲೆ ‘ಇಲ್ಲಿ ಗೇಟು ಕಿಡಕಿ ಮಾಡಿಕೊಡಲಾಗುವುದು’ ಎಂದು ಬರೆದಿತ್ತು. ಸರ್ ಜೀಪು ನಿಲ್ಲಿಸಲು ಹೇಳಿ ಇಳಿದೇಬಿಟ್ಟರು. ‘ಕಿಟಕಿ ಆಗಬೇಕಲ್ಲಪ್ಪಾ. ಟಕಾರ ಎಲ್ಲಿ?’ ಎಂದು ಅಂಗಡಿಯವನನ್ನು ಕೇಳಿದರು. ಆತ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಇವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ.

‘ನಿಮಗ ಕಿಡಕಿ ಬೇಕೋ, ಟಕಾರ ಬೇಕೋ? ಕಿಡಕಿ ಆದ್ರ ಅಳತಿ ಕೊಡ್ರಿ. ಟಕಾರ ನಮ್ಮಲ್ಲಿ ಮಾಡಂಗಿಲ್ರಿ ಯಜಮಾನ್ರ.’

ಡ್ರೈವರ್ ಖಾಜಾ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ನಾನೂ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡೆ. ಸರ್ ಮತ್ತೆ ಹತ್ತಿ ಕುಳಿತು, ‘ನಗಬೇಡಿ. ಮಕ್ಕಳು ಪುಸ್ತಕಕ್ಕಿಂತ ಮೊದಲು ಓದುವುದು ಬೋರ್ಡುಗಳನ್ನು’ ಎಂದರು. ಆ ಮಾತು ನಿಜ. ಅವರ ಬಹಳಷ್ಟು ಮಾತುಗಳು ನಿಜವೇ ಆಗಿರುತ್ತಿದ್ದವು. ಅವರ ಜೊತೆ ಕೆಲಸ ಮಾಡುವುದು ಕಷ್ಟವಾಗುತ್ತಿದ್ದುದೂ ಅದಕ್ಕೇ.

ಹೋದ ತಿಂಗಳು ಪಾರ್ವತಿನಗರದ ಅವರ ಮನೆಗೆ ಹೋಗಿ ಬಂದೆ. ಅವರ ಫೋಟೋಕ್ಕೆ ಹಾರ ಹಾಕಿತ್ತು. ಸೊಸೆ ಕಾಫಿ ಕೊಟ್ಟು, ‘ನೀವು ನಮ್ಮ ಮಾವನವರ ಕೂಡ ಏನ್ ಕೆಲಸ ಮಾಡ್ತಿದ್ರಿ?’ ಎಂದು ಕೇಳಿದರು. ‘ಮಕ್ಕಳಿಗೆ ಪ್ರಶ್ನೆ ಕೇಳ್ತಿದ್ವಿ’ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ. ಹೇಳಲಾಗದೆ ಎದ್ದು ಬಂದದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹುಟ್ಟಿದ್ದು ಕುರುಗೋಡು ಕಡೆಯ ಹಳ್ಳಿಯಲ್ಲಿ. ಆದರೆ ಹುಟ್ಟಿದೂರಿನ ಮಾತನ್ನು ನಾಲಿಗೆಯಿಂದ ಉಜ್ಜಿ ಉಜ್ಜಿ ತೆಗೆದಿದ್ದರು. ‘ಐತಿ’ ಎನ್ನುವುದನ್ನು ಅವರ ಬಾಯಲ್ಲಿ ನಾನು ಬಹುಕಾಲ ಕೇಳಿರಲಿಲ್ಲ. ಬಿಳಿ ಅಂಗಿಯನ್ನೇ ಹಾಕುತ್ತಿದ್ದರು, ಅದೂ ಅದಿರಿನ ಆ ವರ್ಷಗಳಲ್ಲಿ! ಆಗ ಬಳ್ಳಾರಿಯ ಯಾವ ರಸ್ತೆಗೆ ಹೋದರೂ ಲಾರಿಗಳ ಸಾಲು, ಬೇವಿನ ಎಲೆಗಳ ಮೇಲೂ ಕೆಂಪು ದೂಳು. ಸರ್ ಚೀಲದಲ್ಲಿ ಇನ್ನೊಂದು ಅಂಗಿ ಮಡಿಸಿಟ್ಟುಕೊಂಡು ಬರುತ್ತಿದ್ದರು. ಹಳ್ಳಿ ತಲುಪುವ ಮುನ್ನ ಯಾವುದಾದರೂ ಮರದ ಮರೆಯಲ್ಲಿ ಅದನ್ನು ಹಾಕಿಕೊಂಡು, ತಲೆ ಬಾಚಿಕೊಂಡು, ಮದುವೆಗೆ ಹೊರಟವರಂತೆ ಅಂಗನವಾಡಿಯ ಒಳಗೆ ಕಾಲಿಡುತ್ತಿದ್ದರು. ‘ಮಗುವಿನ ಮುಂದೆ ಹೋಗುವಾಗ ಕೊಳಕಾಗಿ ಹೋಗಬಾರದಮ್ಮಾ’ ಎನ್ನುತ್ತಿದ್ದರು. ನೆಲದ ಮೇಲೆ ಕುಳಿತಾಗ ಐದು ನಿಮಿಷಕ್ಕೆ ಆ ಅಂಗಿಯ ಗತಿಯೂ ಅಷ್ಟೇ.

ನಮ್ಮ ಕೆಲಸ ಇಷ್ಟು: ಒಂದು ಸಂಸ್ಥೆ ನಮ್ಮ ಜಿಲ್ಲೆಯ ಕೆಲವು ಅಂಗನವಾಡಿಗಳಿಗೆ ಹೊಸ ಪಠ್ಯಕ್ರಮ ತಂದಿತ್ತು. ಅಕ್ಷರ ತಿದ್ದಿಸುವ ಮೊದಲು ಮಕ್ಕಳಿಗೆ ಕಥೆ ಹೇಳುವುದು, ಹಾಡಿಸುವುದು, ಚಿತ್ರದ ಕಾರ್ಡು ತೋರಿಸಿ ಹೆಸರು ಹೇಳಿಸುವುದು, ಪದದ ಮೊದಲ ಸದ್ದು ಯಾವುದೆಂದು ಆಟವಾಡಿಸುವುದು. ಅದರಿಂದ ಮಕ್ಕಳಿಗೆ ಏನಾದರೂ ಬಂತೇ ಎಂದು ನೋಡಲು ವರ್ಷದ ಮೊದಲಿಗೆ ಒಮ್ಮೆ, ಕೊನೆಗೆ ಒಮ್ಮೆ ಅವೇ ಮಕ್ಕಳಿಗೆ ಅವೇ ಪ್ರಶ್ನೆಗಳನ್ನು ಕೇಳಬೇಕು. ಪಠ್ಯಕ್ರಮ ಇಲ್ಲದ ಅಂಗನವಾಡಿಗಳಲ್ಲೂ ಕೇಳಬೇಕು. ಪ್ರಶ್ನೆಗಳನ್ನು ಸಿದ್ಧಪಡಿಸಿದವರು ಸರ್. ಕೇಳಿ ಗುರುತು ಹಾಕುವವರು ನಮ್ಮಂಥವರು. ನಾನು ಆಗಷ್ಟೇ ಎಂ.ಎ. ಮುಗಿಸಿದ್ದೆ. ಮನೆಯಲ್ಲಿ ಅಣ್ಣ ಅದಿರಿನ ಲಾರಿ ಇಟ್ಟಿದ್ದ. ಆ ಕಾಲದಲ್ಲಿ ಯಾರು ಇಟ್ಟಿರಲಿಲ್ಲ? ‘ಕೂಸುಗಳನ್ನ ಮಾತಾಡ್ಸಾಕ ಜೀಪು, ಡ್ರೈವರ್ ಬ್ಯಾರೆ!’ ಎಂದು ಅವನು ನನ್ನನ್ನು ಹಂಗಿಸುತ್ತಿದ್ದ.

ಸಿರುಗುಪ್ಪದ ಕಡೆ, ಗದ್ದೆಗಳ ನಡುವೆ ಆಂಧ್ರದಿಂದ ಬಂದು ನೆಲೆಸಿದವರ ಒಂದು ಕ್ಯಾಂಪಿನಲ್ಲಿ ಹುಡುಗನೊಬ್ಬನಿಗೆ ಮನೆಯ ಚಿತ್ರ ತೋರಿಸಿ ಇದೇನೆಂದು ಕೇಳಿದೆ. ‘ಇಲ್ಲು’ ಎಂದ. ನನಗೆ ‘ಇಲ್ಲ’ ಎಂದು ಕೇಳಿಸಿತು. ಗೊತ್ತಿಲ್ಲವೆನ್ನುತ್ತಾನೆ ಎಂದುಕೊಂಡು ಸೊನ್ನೆ ಹಾಕಿದೆ. ಪಕ್ಕದಲ್ಲಿದ್ದ ಸರ್ ಹೊರಗೆ ಬಂದು ಜೀಪು ಹತ್ತಿದ ಮೇಲೆ, ‘ಅವನು ಇಲ್ಲ ಅನ್ನಲಿಲ್ಲಮ್ಮಾ, ಇಲ್ಲು ಅಂದ. ತೆಲುಗಿನ ಮನೆ’ ಎಂದರು. ‘ಹಾಗಾದರೆ ಒಂದು ಅಂಕ ಕೊಡಲಾ ಸರ್?’ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ‘ಬೇಡ. ಇದು ಕನ್ನಡದ ಪರೀಕ್ಷೆ. ಒಂದು ಕಡೆ ಸಡಿಲ ಬಿಟ್ಟರೆ ಎಲ್ಲಾ ಕಡೆ ಬಿಡಬೇಕಾಗುತ್ತದೆ’ ಎಂದರು. ಖಾಜಾ ಕನ್ನಡಿಯಲ್ಲಿ ನನ್ನ ಮುಖ ನೋಡಿ ಹುಬ್ಬು ಹಾರಿಸಿದ.

ಪ್ರಶ್ನೆಗಳಲ್ಲಿ ಒಂದು ಅಂಗಿಯದು. ಅಂಗಿಯ ಚಿತ್ರವಿರುವ ಕಾರ್ಡನ್ನು ಮಗುವಿನ ಮುಂದಿಟ್ಟು ತೋಳು ತೋರಿಸು, ಜೇಬು ತೋರಿಸು ಎನ್ನಬೇಕು. ಸಂಸ್ಥೆಯವರು ಮೊದಲು ಕೊಟ್ಟ ಕರಡಿನಲ್ಲಿ ‘ಬಟನ್ ತೋರಿಸು’ ಎಂದಿತ್ತು. ಸರ್ ಅದನ್ನು ಹೊಡೆದುಹಾಕಿ ‘ಗುಂಡಿ’ ಎಂದು ಬರೆದರು. ಆ ಕೆಲಸ ಮಾಡುವಾಗ ಅವರ ಮುಖದಲ್ಲಿದ್ದ ಸಂತೋಷ ನನಗೆ ನೆನಪಿದೆ. ‘ನಮ್ಮಜ್ಜಿ ಗುಂಡಿ ಅಂತಿದ್ದಳು, ಗುಂಡಿ ಹಚ್ಚಿಕೋ ಅಂತಿದ್ದಳು. ಇಷ್ಟು ಚಂದದ ಪದ ಇರುವಾಗ ಬಟನ್ ಯಾಕೆ?’ ಎಂದರು. ಚಂದದ ಪದವೇ. ಆದರೆ ಆ ಹೊತ್ತಿಗೆ ಹಳ್ಳಿಯ ಮಕ್ಕಳ ಬಾಯಲ್ಲಿ ಬಟನ್ ಬಟನ್ನೇ ಆಗಿತ್ತು. ಗುಂಡಿ ಎಂದರೆ ಬೇರೆ. ನಾವು ದಿನವೂ ಅದರೊಳಗೇ ಬಿದ್ದು ಏಳುತ್ತಿದ್ದೆವು. ‘ಗುಂಡಿ ಬಂತು, ಹಿಡ್ಕರ್ರಿ ಸಾರ್’ ಎಂದು ಖಾಜಾ ದಾರಿಯುದ್ದಕ್ಕೂ ಕೂಗುತ್ತಿದ್ದ. ಸರ್ ಜೀಪಿನ ಕಂಬಿ ಹಿಡಿದುಕೊಂಡು ಕುಪ್ಪಳಿಸುತ್ತ ಮಕ್ಕಳ ಪ್ರಶ್ನೆಗಳನ್ನು ತಿದ್ದುತ್ತಿದ್ದರು. ಆ ಎರಡು ಗುಂಡಿಗಳನ್ನು ನಮ್ಮಲ್ಲಿ ಯಾರೂ ಅಕ್ಕಪಕ್ಕ ಇಟ್ಟು ನೋಡಲಿಲ್ಲ.

ಕುರುಗೋಡಿನಿಂದ ಸ್ವಲ್ಪ ಆಚೆ, ಬಂಡೆಗುಡ್ಡದ ಬುಡದಲ್ಲಿ ಆ ಅಂಗನವಾಡಿ ಇತ್ತು. ರಸ್ತೆಯ ಪಕ್ಕಕ್ಕೇ. ಮೊದಲು ಎತ್ತಿನ ಗಾಡಿಗಳ ರಸ್ತೆ ಅದು. ಚೆಕ್‌ಪೋಸ್ಟ್ ತಪ್ಪಿಸಿಕೊಂಡು ಬರುವ ಅದಿರಿನ ಲಾರಿಗಳು ಅದನ್ನು ಹಿಡಿದ ಮೇಲೆ ಡಾಂಬರು ಎದ್ದು ಹೋಗಿ, ಬಾಗಿಲ ಎದುರಿಗೇ ಎಮ್ಮೆ ಮಲಗುವಷ್ಟು ದೊಡ್ಡ ತಗ್ಗು ಬಿದ್ದಿತ್ತು. ಅಂಗನವಾಡಿ ನಡೆಸುತ್ತಿದ್ದವರು ಹುಲಿಗೆಮ್ಮ ಟೀಚರ್. ನಾವು ಹೋದ ದಿನ ಕರೆಂಟು ಇರಲಿಲ್ಲ. ದೂಳು ಬರುತ್ತದೆಂದು ಅವರು ಬಾಗಿಲು ಹಾಕಿದ್ದರು. ಮಕ್ಕಳಿಗೆ ಚಿತ್ರ ಕಾಣಬೇಕಲ್ಲ, ಬಾಗಿಲು ತೆರೆದಿಡಿ ಎಂದು ಸರ್ ಹೇಳಿದರು. ಟೀಚರ್ ತೆರೆದಿಟ್ಟು, ಹಿಂದಿನ ಕೋಣೆಗೆ ಉಪ್ಪಿಟ್ಟು ಕೆದಕಲು ಹೋದರು.

ಆ ದಿನ ಪ್ರಶ್ನೆ ಕೇಳುವುದು ಹೇಗೆಂದು ಸರ್ ತಾವೇ ಕೇಳಿ ತೋರಿಸುತ್ತಿದ್ದರು. ನಾನು ಪಕ್ಕದಲ್ಲಿ ಗುರುತು ಹಾಕುತ್ತಿದ್ದೆ. ಎದುರಿಗೆ ಹನುಮಿ ಎಂಬ ನಾಲ್ಕು ವರ್ಷದ ಹುಡುಗಿ. ಅವಳಂಥ ಮಾತಿನ ಮಲ್ಲಿಯನ್ನು ನಾವು ಬೇರೆಲ್ಲೂ ಕಂಡಿರಲಿಲ್ಲ. ಬೆಕ್ಕಿನ ಚಿತ್ರ ತೋರಿಸಿದರೆ ಅವರ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು, ಯಾವ ಮರಿಯನ್ನು ನಾಯಿ ಒಯ್ದಿತು ಎನ್ನುವವರೆಗೆ ಹೇಳುತ್ತಿದ್ದಳು. ಸರ್ ಖುಷಿಯಾಗಿದ್ದರು. ತೋಳು ತೋರಿಸಿದಳು. ಜೇಬು ತೋರಿಸಿದಳು. ‘ಗುಂಡಿ ಎಲ್ಲಿದೆ, ತೋರಿಸು’ ಎಂದರು.

ಅವಳು ಕಾರ್ಡು ನೋಡಿದಳು. ಸರ್ ಮುಖ ನೋಡಿದಳು.

‘ಗುಂಡಿ?’

‘ಹೌದು, ಗುಂಡಿ. ತೋರಿಸು ಮಗು.’

ಅವಳ ಫ್ರಾಕಿಗೆ ಬಟನ್ ಇರಲಿಲ್ಲ, ಹಿಂದೆ ಪಿನ್ನು ಹಾಕಿತ್ತು. ಅವಳು ಎದ್ದಳು. ಮೂತ್ರಕ್ಕೆ ಹೊರಟಳು ಎಂದು ನಾವಿಬ್ಬರೂ ಅಂದುಕೊಂಡೆವು. ಸಣ್ಣ ಮಕ್ಕಳು ಹಾಗೆ ನಡುವೆ ಎದ್ದು ಹೋಗುವುದು ಇದ್ದೇ ಇತ್ತು. ಸರ್ ಮುಂದಿನ ಕಾರ್ಡು ಹುಡುಕತೊಡಗಿದರು. ನಾನು ಹಾಳೆಯ ಮೇಲೆ ಅವಳ ಹೆಸರಿಗೆ ತಪ್ಪಾಗಿ ಬಿದ್ದ ದೀರ್ಘ ತಿದ್ದುತ್ತಿದ್ದೆ.

ಆಮೇಲಿನದನ್ನು ನಾನು ಎಷ್ಟು ಸಲ ಜೋಡಿಸಿದರೂ ಒಂದೇ ಥರ ಕೂಡುವುದಿಲ್ಲ. ಹಾರ್ನ್ ಕೇಳಿ ತಲೆಯೆತ್ತಿದೆನೋ, ತಲೆಯೆತ್ತಿದ ಮೇಲೆ ಹಾರ್ನ್ ಕೇಳಿತೋ. ಬಾಗಿಲ ಚೌಕಟ್ಟಿನೊಳಗೆ, ಬಿಸಿಲಲ್ಲಿ, ರಸ್ತೆಯ ನಡುವೆ ಹನುಮಿ ನಿಂತಿದ್ದಳು. ತಗ್ಗಿನ ಅಂಚಿಗೆ. ನಮ್ಮ ಕಡೆಗೇ ಮುಖ ಮಾಡಿ, ಬಲಗೈ ಬೆರಳನ್ನು ಕೆಳಕ್ಕೆ ತೋರಿಸಿಕೊಂಡು ನಗುತ್ತಿದ್ದಳು. ಶಭಾಷ್ ಎನ್ನುವುದಕ್ಕೆ ಕಾಯುತ್ತಿದ್ದಳು. ಎಡಗಡೆಯಿಂದ ಲಾರಿ ಬರುತ್ತಿತ್ತು.

ಸರ್ ಓಡಿದರು. ಆ ವಯಸ್ಸಿನವರು ಹಾಗೆ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ನಾನು ಏಳಬೇಕೆಂದುಕೊಂಡೆ, ಕಾಲು ಎದ್ದವೋ ಇಲ್ಲವೋ ಈಗಲೂ ತಿಳಿಯದು. ಲಾರಿ ಒಮ್ಮೆಲೇ ಹೊಲದ ಕಡೆ ಹೊರಳಿತು. ಹೊದಿಸಿದ್ದ ತಾಡಪತ್ರಿ ಹರಿದು, ಒಂದು ಪಕ್ಕದ ಅದಿರು ಪೂರ್ತಿ ರಸ್ತೆಗೆ ಸುರಿಯಿತು. ಆಮೇಲೆ ಏನೂ ಕಾಣಲಿಲ್ಲ, ಬರೀ ಕೆಂಪು. ಆ ದೂಳು ಇಳಿಯುವವರೆಗಿನ ಹೊತ್ತು ಇದೆಯಲ್ಲ, ನನ್ನ ಮಟ್ಟಿಗೆ ಅದು ಮುಗಿದಿಲ್ಲ.

ದೂಳು ಇಳಿದಾಗ ಸರ್ ತಗ್ಗಿನೊಳಗೆ ಕೂತಿದ್ದರು. ಬಿದ್ದು ಮಣಿಕಟ್ಟು ಮುರಿದಿತ್ತು. ಹನುಮಿ ನಿಂತಲ್ಲೇ ನಿಂತಿದ್ದಳು, ಒಂದು ಗೀರೂ ಇಲ್ಲದೆ. ಬೆರಳು ಇನ್ನೂ ಕೆಳಗೇ ಇತ್ತು.

‘ಇದಽ ಗುಂಡಿ ಸರ್’ ಎಂದಳು.

‘ಹೌದವ್ವಾ’ ಎಂದರು ಸರ್. ‘ಇದಽ ಐತಿ.’

ಲಾರಿಯ ಡ್ರೈವರ್ ಕ್ಯಾಬಿನಿನಿಂದ ಇಳಿದು ತೆಲುಗಿನಲ್ಲಿ ಎಲ್ಲರ ತಾಯಿತಂದೆಯರನ್ನೂ ಬಯ್ಯುತ್ತಾ ಬಂದವನು, ಮಗುವನ್ನು ನೋಡಿ ಅಲ್ಲೇ ರಸ್ತೆಯಂಚಿಗೆ ಕುಕ್ಕರಿಸಿ ವಾಂತಿ ಮಾಡಿಕೊಂಡ. ಹುಲಿಗೆಮ್ಮ ಟೀಚರ್ ಸೌಟು ಹಿಡಿದುಕೊಂಡೇ ಓಡಿಬಂದರು. ‘ಬಾಗಿಲು ಹಾಕಬಾರದಾಗಿತ್ತೇನಮ್ಮಾ!’ ಎಂದು ಸರ್ ಕೂಗಿದರು. ನೋವಿಗೋ, ಹೆದರಿಕೆಗೋ ಬಂದ ಮಾತು ಅದು.

‘ನಾ ಹಾಕಿದ್ದೆ ಸರ್. ನೀವಽ ತೆಗಸಿದ್ರಿ’ ಎಂದರು ಟೀಚರ್. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಆ ರಾತ್ರಿ ಮನೆಗೆ ಬಂದಾಗ ಅಣ್ಣನ ಲಾರಿ ಬಾಗಿಲ ಮುಂದೆ ನಿಂತಿತ್ತು. ಅದರ ಟೈರು ನನ್ನ ಎದೆಮಟ್ಟಕ್ಕಿತ್ತು. ಅಷ್ಟು ದಿನ ಅದರ ಪಕ್ಕದಿಂದಲೇ ಓಡಾಡಿದ್ದೆ. ಅಮ್ಮ ಬಡಿಸಿದ ಅನ್ನ ಯಾವುದರಿಂದ ಬಂದದ್ದೆಂದು ಆವತ್ತು ತಿಳಿದರೂ ಊಟ ಬಿಡಲಿಲ್ಲ.

ಸರ್ ಬದಲಾದರು. ಬೋರ್ಡು ಓದುವುದು ಬಿಟ್ಟರು. ‘ಸಾರ್, ಅಲ್ಲಿ ನೋಡ್ರಿ, ಹೋಟ್ಲಿನವ ಇಡ್ಲಿಗೆ ಎರಡು ಡ ಹಾಕ್ಯಾನ’ ಎಂದು ಖಾಜಾ ಅವರನ್ನು ಕೆಣಕಲು ನೋಡುತ್ತಿದ್ದ. ‘ಹಾಕಲಿ ಬಿಡಪ್ಪಾ, ತಿನ್ನುವವರಿಗೆ ಸಿಕ್ಕರೆ ಸಾಕು’ ಎನ್ನುತ್ತಿದ್ದರು. ಅವರ ತಪ್ಪು ಹುಡುಕುವ ಚಟಕ್ಕೆ ಬೇಸತ್ತಿದ್ದ ನಾನೇ ಅದನ್ನು ಕೇಳಲಾರದೆ ಕಿಟಕಿಯಾಚೆ ನೋಡುತ್ತಿದ್ದೆ. ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಿದ್ದರು. ಯಾವ ಪೀಠಿಕೆಯೂ ಇಲ್ಲ. ‘ನಾನು ಎರಡು ಸಲ ಕೇಳಿದೆ ಅಲ್ಲವೇನಮ್ಮಾ? ಅವಳು ಗುಂಡಿಯಾ ಅಂದಳು. ಆಗಲಾದರೂ ತಿಳಿಯಬೇಕಿತ್ತು.’ ‘ಯಾರಿಗೆ ತಿಳೀತದ ಸರ್’ ಎನ್ನುತ್ತಿದ್ದೆ. ‘ಕುರುಗೋಡಿನವನಿಗೆ ತಿಳಿಯಬೇಕಿತ್ತು’ ಎಂದು ಇಟ್ಟುಬಿಡುತ್ತಿದ್ದರು.

ಸಂಸ್ಥೆಯವರ ಮುಂದೆ ಹೋಗಿ ಪ್ರಶ್ನೆ ತಮ್ಮದು, ಬಾಗಿಲು ತೆಗೆಸಿದ್ದೂ ತಾವೇ, ಟೀಚರ್ ಮೇಲೆ ಮಾತು ಬರಕೂಡದು ಎಂದು ಹೇಳಿ ಬಂದರು. ಅವರು ಒಪ್ಪಿದರು. ಪ್ರಶ್ನೆಗಳನ್ನು ಆಯಾ ಊರಿನ ಮಾತಿಗೆ ತಿದ್ದಲು ಬಿಡಿ ಎಂದದ್ದಕ್ಕೆ ಮಾತ್ರ ಒಪ್ಪಲಿಲ್ಲ. ‘ಮೊದಲು ಕೇಳಿದ್ದನ್ನೇ ಕೊನೆಗೂ ಕೇಳಬೇಕು ಸರ್. ಇಲ್ಲದಿದ್ದರೆ ಯಾವುದಕ್ಕೆ ಯಾವುದನ್ನು ಹೋಲಿಸುವುದು? ಇದು ನೀವೇ ನಮಗೆ ಹೇಳಿಕೊಟ್ಟದ್ದು’ ಎಂದರು. ಅದೂ ನಿಜವೇ. ಕೊನೆಗೆ ವರದಿ ಬಂದಾಗ ಪಠ್ಯಕ್ರಮದಿಂದ ಮಕ್ಕಳಿಗೆ ಒಳ್ಳೆಯದಾಗಿದೆ ಎಂದಿತು. ಆಗಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ, ಮೊದಲ ಸಲ ಗೋಡೆ ಕಡೆ ತಿರುಗಿ ಕೂತಿದ್ದ ಮಕ್ಕಳು ವರ್ಷದ ಕೊನೆಗೆ ನಮ್ಮ ಕೈಯಿಂದ ಪುಸ್ತಕ ಕಿತ್ತುಕೊಂಡು ಕಥೆ ಹೇಳುತ್ತಿದ್ದರು. ಒಬ್ಬಳನ್ನು ಬಿಟ್ಟು.

ವರ್ಷದ ಕೊನೆಯ, ಎರಡನೆಯ ಸುತ್ತಿಗೆ ಹೋಗುವಾಗ ಸರ್, ಕುರುಗೋಡಿನ ಆ ಅಂಗನವಾಡಿಗೆ ತಾವೂ ಬರುತ್ತೇನೆಂದರು. ಬಾಗಿಲಿಗೆ ಈಗ ಅರ್ಧ ಎತ್ತರದ ಕಬ್ಬಿಣದ ಜಾಲರಿ ಹಾಕಿಸಿದ್ದರು. ರಸ್ತೆಯ ತಗ್ಗು ಇನ್ನಷ್ಟು ಅಗಲವಾಗಿತ್ತು. ಹುಲಿಗೆಮ್ಮ ಟೀಚರ್ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು.

‘ಹನುಮಿ ಮಾತಾಡಂಗಿಲ್ರಿ ಸರ್. ಆವತ್ತು ಅವರಪ್ಪ ಬಾಳ ಹೊಡದ. ಯಾರು ಕೇಳಿದ್ರೂ ರೋಡಿಗೆ ಹೋಗ್ತೀಯೇನ್ ಲೇ ಅಂತ. ಹುಡುಗ್ರ ಕೂಡ ಆಡ್ತಾಳ, ನಗ್ತಾಳ. ನಾ ಏನರ ಕೇಳಿದೆ ಅಂದ್ರ ಮುಗೀತು, ಎರಡೂ ಕೈ ತೊಡಿ ಕೆಳಗ ಇಟ್ಕಂಡು ಕುಂತುಬಿಡ್ತಾಳ. ಮುಂದಿನ ತಿಂಗಳು ಸಾಲಿಗೆ ಹಾಕಬೇಕು. ಹೆಡ್‌ಮಾಸ್ತರ್ ಒಮ್ಮೆ ನೋಡಿ, ಇದು ಮೂಗಿ ಐತಿ, ಇನ್ನೊಂದು ವರ್ಷ ನಿಮ್ಮಲ್ಲೇ ಇರಲಿ ಅಂದಾರ. ಅವರಪ್ಪ ಇನ್ನೊಂದು ವರ್ಷ ಬಿಡಾಂವಲ್ಲ ಸರ್. ತಮ್ಮನ್ನ ಹಿಡಕಂಡು ಮನ್ಯಾಗಽ ಇರ್ತಾಳ ಅಂತಾನ.’

ಸರ್ ಆ ದಿನ ಅಂಗಿಯನ್ನೂ ಬದಲಿಸಿರಲಿಲ್ಲ. ಒಳಗೆ ಹೋಗಿ ಹನುಮಿಯ ಎದುರಿಗೆ ಕೂತರು. ನಾನು ಹಾಳೆ ತೆಗೆದೆ. ಅವಳು ಕೂಡಲೇ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿದಳು. ಬೆಕ್ಕಿನ ಕಾರ್ಡು ಇಟ್ಟೆವು. ನೋಡಲಿಲ್ಲ. ಮನೆ, ಹೂವು, ಚಂದಿರ. ನನ್ನ ಹಾಳೆಯಲ್ಲಿ ಸೊನ್ನೆಗಳು ಒಂದರ ಕೆಳಗೊಂದು ಇಳಿದವು. ಅಂಗಿಯ ಕಾರ್ಡು ಬಂತು. ಕೇಳಲೇಬೇಕಾದ ಪ್ರಶ್ನೆ. ಸರ್ ಕಾರ್ಡನ್ನು ಬೋರಲು ಹಾಕಿ ಪಕ್ಕಕ್ಕೆ ಸರಿಸಿ, ತಾವೂ ಎರಡು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ವಾಸಿಯಾದರೂ ಆ ಮಣಿಕಟ್ಟು ಪೂರ್ತಿ ಮಡಿಚುತ್ತಿರಲಿಲ್ಲ, ಮುಖ ಕಿವುಚಿದರು.

‘ನಾ ಬಾಳ ಕೇಳೀನಿ ಹನುಮವ್ವಾ’ ಎಂದರು. ‘ಇನ್ನ ನೀ ಕೇಳು. ನಾ ತೋರಸ್ತೀನಿ. ತಪ್ಪು ತೋರಿಸಿದ್ರ ಬೈ.’

ಅವಳು ನೋಡಿದಳು ಅಷ್ಟೇ. ಹೊರಗೆ ಲಾರಿಗಳು ಹೋಗುತ್ತಿದ್ದವು, ಕಿಟಕಿಯ ಸರಳು ನಡುಗುತ್ತಿತ್ತು. ಟೀಚರ್ ಉಳಿದ ಮಕ್ಕಳಿಗೆ ಊಟ ಹಾಕಿದರು. ಊಟ ಮುಗಿದು ಮಕ್ಕಳು ಮಲಗಿದವು. ಖಾಜಾ ಎರಡು ಸಲ ಬಂದು ಇಣುಕಿ ಹೋದ. ಸರ್ ಕಾಲು ಜೋಮು ಹಿಡಿದಿರಬೇಕು, ಅಲುಗಲಿಲ್ಲ. ನಾನಂತೂ ಅಷ್ಟು ಹೊತ್ತೂ ಆ ಬಾಗಿಲಿಗೆ ಬೆನ್ನು ಮಾಡಿ ಕೂರಲಾರದೆ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದೆ.

‘ಮೂಗು ಎಲ್ಲೈತಿ?’

ಎಷ್ಟು ಸಣ್ಣ ದನಿಯೆಂದರೆ ಮಲಗಿದ ಮಕ್ಕಳಲ್ಲಿ ಯಾರೋ ಕನವರಿಸಿದರು ಎಂದುಕೊಂಡೆ. ಸರ್ ಕೈ ತೆಗೆದು ಮೂಗು ಮುಟ್ಟಿಕೊಂಡರು.

‘ಕಿವಿ?’

ಕಿವಿ ಮುಟ್ಟಿಕೊಂಡರು. ಅವಳು ಬೇಕೆಂದೇ ಸ್ವಲ್ಪ ತಡೆದಳು.

‘ಗುಂಡಿ ಎಲ್ಲೈತಿ?’

ಸರ್ ಕೈ ತನ್ನಷ್ಟಕ್ಕೆ ತಾನೇ ಎದೆಯ ಹತ್ತಿರ ಹೋಯಿತು. ಅಂಗಿಯ ಗುಂಡಿಗೆ ಇನ್ನೇನು ತಾಗಬೇಕು, ಅಲ್ಲಿಂದ ಹಿಂದಕ್ಕೆ ಬಂತು. ನೆಲಕ್ಕೆ ಕೈಯೂರಿ ಕಷ್ಟಪಟ್ಟು ಎದ್ದರು. ಜಾಲರಿಯವರೆಗೆ ಹೋಗಿ ಅಗಳಿ ತೆಗೆದರು. ಹೊಸ್ತಿಲ ಮೇಲೆ ನಿಂತು, ರಸ್ತೆಯ ಕಡೆ ಬೆರಳು ತೋರಿಸಿದರು.

‘ಅಲ್ಲೈತಿ ನೋಡವ್ವಾ.’

ಹಿಂದಿನಿಂದ ಹನುಮಿ ಎದ್ದು ಬಂದಿದ್ದಳು. ಈ ಸಲ ನಾನು ಎದ್ದೇ ನಿಂತಿದ್ದೆ. ಅವಳು ತೊಡೆಯ ಭಾರಕ್ಕೆ ಕೆಂಪಾದ ಎರಡೂ ಕೈಗಳಿಂದ ಸರ್ ಅವರ ಅಂಗಿಯ ತುದಿ ಹಿಡಿದು ಹಿಂದಕ್ಕೆ ಎಳೆದಳು.

‘ಅಷ್ಟಽ ಸಾಕು. ಮುಂದ ಹೋಗಬ್ಯಾಡ್ರಿ ಸರ್, ಲಾರಿ ಬರ್ತಾವು.’

‘ಇಲ್ಲವ್ವಾ, ಹೋಗಂಗಿಲ್ಲ’ ಎಂದರು ಸರ್. ಅವಳು ಕೈ ಬಿಡುವ ತನಕ ಹೊಸ್ತಿಲ ಮೇಲಿಂದ ಕದಲಲಿಲ್ಲ.